ಕಮಲಾಬೆನ್ ಕೇಳಿ ಪಡೆದ ತಪ್ಪು ಉತ್ತರಗಳು

ಸೂರತ್ತಿನ ಕತಾರ್‌ಗಾಮಿನಲ್ಲಿ ಒಂದು ಟ್ರಸ್ಟಿನ ಶಾಲೆ. ವಜ್ರ ಉಜ್ಜುವವರ ಮಕ್ಕಳೇ ಅಲ್ಲಿ ಹೆಚ್ಚು. ಕಮಲಾಕ್ಷಿ ಆ ಶಾಲೆಯಲ್ಲಿ ಒಂಬತ್ತು ವರ್ಷ ಗಣಿತ ಕಲಿಸಿದಳು. ಊರು ರಾಣೆಬೆನ್ನೂರು. ಗಂಡ ವಾಸುದೇವನಿಗೆ ವಿಮಾ ಕಚೇರಿಯಲ್ಲಿ ಕೆಲಸ. ಅವನ ವರ್ಗಾವಣೆಯ ಬೆನ್ನು ಹತ್ತಿ ಮೊದಲು ವಡೋದರಾಕ್ಕೂ ಅಲ್ಲಿಂದ ಸೂರತ್ತಿಗೂ ಬಂದಿದ್ದಳು. ಬಂದ ಹೊಸದರಲ್ಲಿ ಗುಜರಾತಿ ಅಂಕಿಗಳು ಅವಳನ್ನು ಗೋಳು ಹೊಯ್ದುಕೊಂಡಿದ್ದವು. ಅವರ ಒಂದು ನಮ್ಮ ಕಣ್ಣಿಗೆ ಇಂಗ್ಲಿಷಿನ ಒಂಬತ್ತು. ಗಣಿತದ ಟೀಚರೇ ಬಸ್ಸಿನ ನಂಬರು ತಪ್ಪಿ ಓದಿ ಊರಾಚೆ ಇಳಿದ ಕತೆಯನ್ನು ಅವಳೇ ಕ್ಲಾಸಿನಲ್ಲಿ ಹೇಳಿ ಮಕ್ಕಳನ್ನು ನಗಿಸುತ್ತಿದ್ದಳು. ಮಕ್ಕಳು ಅವಳನ್ನು ಅಲ್ಲಿಯ ರೂಢಿಯಂತೆ ಕಮಲಾಬೆನ್, ಅಂದರೆ ಕಮಲಕ್ಕ, ಎಂದು ಕರೆಯುತ್ತಿದ್ದರು.

ಆ ಶಾಲೆಯಲ್ಲಿ ಕನ್ನಡ ಬಲ್ಲ ಇನ್ನೊಬ್ಬಳೆಂದರೆ ಪದ್ಮಾವತಿ. ಕುಂದಾಪುರದ ಕಡೆಯವಳು, ಕಮಲಾಕ್ಷಿಗಿಂತ ಆರು ವರ್ಷ ದೊಡ್ಡವಳು. ಒಂಬತ್ತು, ಹತ್ತನೇ ತರಗತಿಗಳ ಮೇಲ್ವಿಚಾರಣೆ ಅವಳದು. ಕಮಲಾಕ್ಷಿಗೆ ಅವಳು ಪದ್ದಕ್ಕ. ಕಮಲಾಕ್ಷಿಗೆ ಗರ್ಭಕೋಶದ ಆಪರೇಷನ್ ಆದಾಗ ಊರಿನಿಂದ ಯಾರೂ ಬರಲಾಗದೆ ಮೂರು ದಿನ ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಕೂತು ಗಂಜಿ ಕುಡಿಸಿದವಳು ಈ ಪದ್ದಕ್ಕ. ಸ್ಟಾಫ್ ರೂಮಿನಲ್ಲಿ ಇಬ್ಬರೂ ಕನ್ನಡದಲ್ಲಿ ಮಾತಾಡತೊಡಗಿದರೆ ಉಳಿದವರು, "ಶುರುವಾಯಿತು ನೋಡಿ ಇವರದು" ಎಂದು ನಗುತ್ತಿದ್ದರು.

ಕಮಲಾಕ್ಷಿಗೆ ಒಂದೇ ಕೊರಗು. ಪ್ರಶ್ನೆ ಕೇಳಿದರೆ ಐವತ್ತೆರಡು ಮಕ್ಕಳ ಒಂಬತ್ತನೇ ತರಗತಿಯಲ್ಲಿ ಅದೇ ಆರು ಕೈ ಮೇಲೇಳುತ್ತಿದ್ದವು. ಉಳಿದವರು ಡೆಸ್ಕು ನೋಡುತ್ತಿದ್ದರು. ಅರ್ಥವಾಗಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ತರಬೇತಿಯಲ್ಲಿ ಕಾರ್ಡಿನ ಆಟ ನೋಡಿ ಬಂದಳು. ಪ್ರತಿ ಮಗುವಿಗೂ ಒಂದು ರಟ್ಟಿನ ಕಾರ್ಡು. ಅದರ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಕಪ್ಪು ಬಿಳಿ ಚೌಕಗಳ ಚಿತ್ತಾರ, ನಾಲ್ಕು ಅಂಚಿಗೆ ನಾಲ್ಕು ಅಕ್ಷರ. ತನಗೆ ಸರಿ ಕಂಡ ಉತ್ತರದ ಅಂಚನ್ನು ಮೇಲೆ ಮಾಡಿ ಹಿಡಿದರೆ ಆಯಿತು. ಟೀಚರ್ ಫೋನನ್ನು ತರಗತಿಯ ಈ ತುದಿಯಿಂದ ಆ ತುದಿಗೆ ತಿರುಗಿಸಿದರೆ ಯಾರು ಏನು ಹೇಳಿದರೆಂದು ಫೋನೇ ಓದಿಕೊಳ್ಳುತ್ತದೆ. ಗೋಡೆಯ ಟಿ.ವಿ.ಯಲ್ಲಿ ಯಾವ ಉತ್ತರಕ್ಕೆ ಎಷ್ಟು ಮಂದಿ ಎಂಬ ಬಣ್ಣದ ಪಟ್ಟಿಗಳು ಏಳುತ್ತವೆ. ಯಾರ ಉತ್ತರ ಯಾವುದೆಂಬ ದಾಖಲೆ ಟೀಚರ ಅಕೌಂಟಿನಲ್ಲಿ ಉಳಿಯುತ್ತದೆ, ಹೆಸರುಗಳು ಟೀಚರಿಗೆ ಮಾತ್ರ ಕಾಣುತ್ತವೆ.

ಅವಳು ಅದಕ್ಕೆ ತನ್ನದೊಂದು ಕ್ರಮ ಸೇರಿಸಿದಳು. ಪಾಠ ಶುರು ಮಾಡುವ ಮೊದಲೇ ಪ್ರಶ್ನೆ ಕೇಳುವುದು. "ಊಹೆ ಮಾಡಿ. ತಪ್ಪಾಗಲಿ, ನನಗೆ ತಪ್ಪು ಉತ್ತರವೇ ಬೇಕು. ಆಮೇಲೆ ಅದು ಯಾಕೆ ತಪ್ಪು ಅಂತ ಕೂಡಿ ನೋಡೋಣ. ಹೆಸರು ಬೇರೆ ಯಾರಿಗೂ ಕಾಣುವುದಿಲ್ಲ, ಇದು ನನ್ನ ಮಾತು" ಎಂದು ಗುಜರಾತಿಯಲ್ಲಿ ಹೇಳಿದಳು. ಒಂದು ದಿನ ವಜ್ರದ ಆಕಾರವನ್ನು ಫೋನಿನಲ್ಲಿ ತೋರಿಸಿದಳು. ಡೆಸ್ಕಿನ ಮೇಲೆ ಏನೂ ಇಲ್ಲ, ಫೋನಿನೊಳಗೆ ನೋಡಿದರೆ ಅಲ್ಲಿ ಮುಷ್ಟಿಗಾತ್ರದ ವಜ್ರ ನಿಂತಿದೆ. ಸುತ್ತ ನಡೆದು ಅದರ ಮುಖಗಳನ್ನು ಎಣಿಸಬಹುದು. ಮಕ್ಕಳು ಹುಚ್ಚೆದ್ದು ಹೋದರು. ಹೆತ್ವಿ ಎಂಬ ಹುಡುಗಿ ಅವತ್ತು ಮೊದಲ ಸಲ ಬಾಯಿ ಬಿಟ್ಟಳು. "ಬೆನ್, ಈ ಓರೆ ಸರಿಯಿಲ್ಲ. ಇಷ್ಟು ಕಡಿದಾಗಿದ್ದರೆ ಬೆಳಕು ಕೆಳಗೇ ಸೋರಿಹೋಗುತ್ತದೆ ಅಂತ ನಮ್ಮಪ್ಪ ಹೇಳುತ್ತಾರೆ." ಕೋನಗಳ ಪಾಠವನ್ನು ಅರ್ಧ ಆ ಹುಡುಗಿಯೇ ಮಾಡಿದಳು.

ಅಂದಿನಿಂದ ಎಲ್ಲರಿಗಿಂತ ಮೊದಲು ಏಳುವುದು ಹೆತ್ವಿಯ ಕಾರ್ಡು. ಹತ್ತರಲ್ಲಿ ಏಳು ಸಲ ತಪ್ಪು. ಪಾಠ ಮುಗಿದ ಮೇಲೆ ಅದೇ ಪ್ರಶ್ನೆ ಕೇಳಿದರೆ ಹತ್ತರಲ್ಲಿ ಎಂಟು ಸಲ ಸರಿ. ಜಾಣರೆನಿಸಿಕೊಂಡವರಲ್ಲಿ ಕೆಲವರು ಸರಿಯೆಂದು ಖಾತ್ರಿಯಾಗುವ ತನಕ ಕಾರ್ಡನ್ನು ಎತ್ತುತ್ತಲೇ ಇರಲಿಲ್ಲ. ಕಮಲಾಕ್ಷಿಗೆ ಹಿಡಿಸಿದ್ದು ಹೆತ್ವಿಯಂಥವರೇ.

ಡಿಸೆಂಬರಿನಲ್ಲಿ ಪದ್ಮಾವತಿ ಕೇಳಿದಳು: "ನಿನ್ನ ಕಾರ್ಡಿನ ಕ್ಲಾಸು ಭಾರೀ ಚಂದ ಉಂಟು ಮಾರಾಯ್ತಿ. ಬೇರೆ ಟೀಚರುಗಳಿಗೂ ತೋರಿಸ್ಬೇಕು. ಪಾಸ್‌ವರ್ಡ್ ಒಂದು ಕೊಡು ನನಗೆ."

"ಅದಕ್ಕೇನ್ರೀ ಪದ್ದಕ್ಕಾ, ಬರಕೊಳ್ರಿ" ಎಂದು ಕಮಲಾಕ್ಷಿ ಅಲ್ಲೇ ಹೇಳಿದಳು. ಆಸ್ಪತ್ರೆಯಲ್ಲಿ ತಲೆ ಬಾಚಿದವಳಿಗೆ ಮುಚ್ಚಿಡುವಂಥದ್ದು ಏನಿತ್ತು? ಆ ವಾರ ಪದ್ಮಾವತಿ ಹಿಂದಿನ ಬೆಂಚಿನಲ್ಲಿ ಕೂತು ಎರಡು ಪೀರಿಯಡ್ ಪೂರ್ತಿ ನೋಡಿದಳು ಕೂಡ.

ಏಪ್ರಿಲಿನಲ್ಲಿ ಶಾಲೆಗೆ ಬಿಡುವಿದ್ದ ಒಂದು ಬೆಳಿಗ್ಗೆ ಕಮಲಾಕ್ಷಿ ತರಕಾರಿ ಗಾಡಿಯ ಮುಂದೆ ನಿಂತಿದ್ದಳು. ಹೆತ್ವಿಯ ತಾಯಿ ಎದುರಾದಳು. ಕಮಲಾಕ್ಷಿ ನಕ್ಕಳು. ಆಕೆ ನಗಲಿಲ್ಲ.

"ಬೆನ್, ನನ್ನ ಮಗಳು ದಡ್ಡಿಯಾಗಿದ್ದರೆ ನನ್ನನ್ನು ಕರೆದು ಹೇಳಬಹುದಿತ್ತು. ಕಾಗದದಲ್ಲಿ ಬರೆದು ಕೊಟ್ಟಿರಲ್ಲ."

"ಯಾವ ಕಾಗದ?"

ತಾಯಿ ಫೋನು ತೆಗೆದು ತೋರಿಸಿದಳು. ಶಾಲೆಯ ಮುದ್ರೆಯಿದ್ದ ಹಾಳೆ. ಇಡೀ ವರ್ಷದ ಉತ್ತರಗಳ ಎಣಿಕೆ, ಅದರಲ್ಲಿ ತಪ್ಪಾದವು ಕೆಂಪು ಬಣ್ಣದಲ್ಲಿ. ಕೆಳಗೆ, ಈ ವಿದ್ಯಾರ್ಥಿಗೆ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆ ಭಾರವಾಗಬಹುದು, ಪಾಲಕರು ಬೇರೆ ಶಾಲೆ ನೋಡಿಕೊಳ್ಳುವುದು ಒಳ್ಳೆಯದು ಎಂಬ ಎರಡು ಸಾಲು. ಎಲ್ಲಕ್ಕಿಂತ ಮೇಲೆ: ಶಿಕ್ಷಕಿ, ಕಮಲಾಕ್ಷಿ ವಿ.

"ಹನ್ನೊಂದು ಮಕ್ಕಳಿಗೆ ಕೊಟ್ಟಿದ್ದಾರೆ" ಎಂದಳು ತಾಯಿ. "ನೀವೇ ತಪ್ಪು ಹೇಳಿ ಅಂದಿರಂತೆ. ಅವಳು ಹೇಳಿದಳು. ಈಗ ಮನೆಯಲ್ಲಿ ಯಾರ ಹತ್ತಿರವೂ ಮಾತಾಡುತ್ತಿಲ್ಲ."

ಕಮಲಾಕ್ಷಿಗೆ ಕೈಯಲ್ಲಿದ್ದ ಚೀಲ ಎಲ್ಲಿಟ್ಟೆನೆಂಬ ಪರಿವೆಯೂ ಉಳಿಯಲಿಲ್ಲ. ನೆಟ್ಟಗೆ ಶಾಲೆಗೆ ಹೋದಳು. ಫಲಿತಾಂಶದ ಕೆಲಸವೆಂದು ಪದ್ಮಾವತಿ ಬಂದಿದ್ದಳು. ಲ್ಯಾಬಿನ ಪಕ್ಕದ ಕೋಣೆಯಲ್ಲಿ ಒಬ್ಬಳೇ ಇದ್ದಳು.

"ಪದ್ದಕ್ಕಾ, ಈ ಪಟ್ಟಿ ನೀವು ತಗದ್ರೇನು?"

"ಮೊದ್ಲು ಬಾಗಿಲು ಹಾಕು."

"ಹಾಕೂದಿಲ್ಲ. ಹೇಳ್ರಿ."

ಪದ್ಮಾವತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಎಂತ ಮಾಡುವುದು ಕಮಲಾ? ಹತ್ತನೇ ಕ್ಲಾಸಿನ ರಿಸಲ್ಟ್ ನೂರಕ್ಕೆ ನೂರು ಬರ್ಬೇಕಂತೆ ಟ್ರಸ್ಟಿನವರಿಗೆ. ವೀಕ್ ಇದ್ದವರನ್ನು ಒಂಬತ್ತರಲ್ಲೇ ಕಳಿಸಿ ಅಂದ್ರು. ಯಾರನ್ನು ಅಂತ ಹೇಳುವುದು? ನಿನ್ನ ಕಾರ್ಡಿನಲ್ಲಿ ಎಲ್ಲ ಉಂಟಲ್ಲ."

"ಅದು ಪಾಠಕ್ಕಿಂತ ಮೊದಲ ಕೇಳಿದ್ದರೀ! ತಪ್ಪಾಗ್ಲಿ ಅಂತನ ಕೇಳಿದ್ದು. ಪಾಠ ಆದ ಮ್ಯಾಲಿನ ಉತ್ತರಾನೂ ಅದರಾಗ ಅದಾವು. ನೀವು ನನ್ನ ಕ್ಲಾಸಿನಾಗ ಕುಂತು ನೋಡೀರಿ. ನಿಮಗ ಗೊತ್ತಿತ್ತು."

ಪದ್ಮಾವತಿ ಕನ್ನಡಕವನ್ನು ಮತ್ತೆ ಹಾಕಿಕೊಂಡಳು. "ಗೊತ್ತಿತ್ತು" ಎಂದಳು. "ಮೀಟಿಂಗಿನಲ್ಲಿ ಕೂತವರಿಗೆ ಅದನ್ನೆಲ್ಲ ವಿವರಿಸ್ಲಿಕ್ಕೆ ಆಗ್ತದಾ? ಅವರಿಗೆ ಕೆಂಪು ಕಂಡಿತು, ಸಾಕಾಯ್ತು."

"ನನ್ನ ಹೆಸರು?"

"ನಿನ್ನ ಅಕೌಂಟಿನಿಂದ ತೆಗೆದದ್ದಲ್ವಾ, ತಾನೇ ಬಂತು. ತೆಗೆಸ್ಬಹುದಿತ್ತು. ಇರ್ಲಿ ಅಂತ ಪ್ರಿನ್ಸಿಪಾಲರು ಹೇಳಿದ್ರು. ಕಮಲಾಬೆನ್ ಹೇಳಿದ್ರೆ ತಾಯಂದಿರು ಜಗಳ ಮಾಡುವುದಿಲ್ಲ, ನಂಬ್ತಾರೆ ಅಂತ."

ಕಮಲಾಕ್ಷಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬೈಯಬೇಕೆಂದು ಬಂದಿದ್ದಳು. ಬಾಯಿಗೆ ಬಂದದ್ದು ಒಂದೇ ಮಾತು: "ಆ ಹುಡುಗ್ರು ನನ್ನ ಮುಖಾ ನೋಡಿ ಕಾರ್ಡ್ ಎತ್ತಿದ್ರು, ಪದ್ದಕ್ಕಾ."

ಪ್ರಿನ್ಸಿಪಾಲರು ನಯವಾಗಿಯೇ ಮಾತಾಡಿದರು. ದಾಖಲೆ ನಿಮ್ಮದು, ನಾವೇನೂ ಸೇರಿಸಿಲ್ಲ ಅಂದರು. ಮುಂದಿನ ವರ್ಷ ಎಲ್ಲ ತರಗತಿಗೂ ಕಾರ್ಡು ತರಿಸುವ ಯೋಚನೆ ಇದೆ, ನೀವೇ ಅದರ ಮುಖ್ಯಸ್ಥೆ ಎಂದೂ ಸೇರಿಸಿದರು. ಅವಳು ಎದ್ದು ಬಂದಳು.

ಮನೆಯಲ್ಲಿ ವಾಸುದೇವ ಎಲ್ಲವನ್ನೂ ಕೇಳಿಸಿಕೊಂಡ. "ಪದ್ದಕ್ಕ ಹಿಂಗ ಮಾಡಿದಳಂದ್ರ ನನಗ ನಂಬಾಕ ಆಗವಲ್ದು" ಎಂದ. "ಈಗ ಏನ್ ಮಾಡ್ತಿ?" ಎಂದು ಕೇಳಿದ.

"ಹನ್ನೊಂದು ಮನಿಗೂ ಹೋಗಿ ಬರ್ತೀನಿ."

ಎರಡು ಭಾನುವಾರ ಅದೇ ಕೆಲಸವಾಯಿತು. ಪಾಠದ ಮೊದಲಿನ ಉತ್ತರ ಒಂದು ಸಾಲು, ಪಾಠದ ನಂತರದ್ದು ಇನ್ನೊಂದು ಸಾಲು ಬರುವಂತೆ ಪ್ರತಿ ಮಗುವಿಗೂ ಒಂದು ಹಾಳೆ ತಯಾರಿಸಿ ಒಯ್ದಳು. ಕೆಲವರು ಚಹಾ ಕೊಟ್ಟು ಕೇಳಿದರು. ಒಬ್ಬ ತಂದೆ ಬಾಗಿಲಲ್ಲೇ ನಿಲ್ಲಿಸಿ, "ಮೊದಲ ಕಾಗದಕ್ಕೂ ನಿಮ್ಮದೇ ಹೆಸರು, ಇದಕ್ಕೂ ನಿಮ್ಮದೇ. ಯಾವುದನ್ನು ನಂಬಲಿ?" ಎಂದ. ಅವಳು "ಮೊದಲನೆಯದನ್ನು ನಾನು ಬರೆದಿಲ್ಲ" ಎಂದಷ್ಟೇ ಹೇಳಿ ಹಾಳೆಯನ್ನು ಹೊಸ್ತಿಲ ಮೇಲಿಟ್ಟು ಬಂದಳು.

ಹೆತ್ವಿಯ ಮನೆಗೆ ಕೊನೆಗೆ ಹೋದಳು. ತಂದೆ ಆಗಲೇ ವರಾಛಾದ ಕಡೆಯ ಬೇರೊಂದು ಶಾಲೆಗೆ ಮಗಳ ಹೆಸರು ಹಚ್ಚಿದ್ದರು. ಹುಡುಗಿ ಒಳಕೋಣೆಯಿಂದ ಬರಲಿಲ್ಲ. ಕಮಲಾಕ್ಷಿ ಪರದೆಯ ಈಚೆಯಿಂದಲೇ ನಡೆದದ್ದನ್ನೆಲ್ಲ ಹೇಳಿದಳು. ಪಾಸ್‌ವರ್ಡನ್ನು ತಾನೇ ಕೊಟ್ಟದ್ದನ್ನೂ ಹೇಳಿದಳು. ಒಳಗಿನಿಂದ ದನಿ ಬಂತು.

"ಯಾರಿಗೂ ಕಾಣಲ್ಲ ಅಂದಿದ್ರಿ, ಬೆನ್."

"ಹೌದು. ಆ ಮಾತು ಉಳಿಸಿಕೊಳ್ಳೋದು ನನ್ನಿಂದ ಆಗಲಿಲ್ಲ."

ತಾಯಿ ಒಂದು ಲೋಟ ನೀರು ತಂದುಕೊಟ್ಟಳು.

ಏಳು ಮನೆಯವರು ಸೇರಿ ಜಿಲ್ಲಾ ಶಿಕ್ಷಣಾಧಿಕಾರಿಗೆ ಅರ್ಜಿ ಬರೆದರು. ಕಮಲಾಕ್ಷಿ ಅದಕ್ಕೆ ತನ್ನ ಹೇಳಿಕೆಯನ್ನು ಸಹಿ ಹಾಕಿ ಲಗತ್ತಿಸಿದಳು. ಜೂನಿನಲ್ಲಿ ಶಾಲೆ ಐದು ಮಕ್ಕಳನ್ನು ಹತ್ತನೇ ತರಗತಿಗೆ ಮರಳಿ ಸೇರಿಸಿಕೊಂಡಿತು, ಪಟ್ಟಿಯಲ್ಲಿ ತಾಂತ್ರಿಕ ದೋಷವಾಗಿತ್ತೆಂದು ಕಾರಣ ಕೊಟ್ಟಿತು. ಹೆತ್ವಿಯೂ ಸೇರಿದಂತೆ ಉಳಿದವರು ಆಗಲೇ ಬೇರೆ ಕಡೆ ಹೋಗಿದ್ದರು. ಅದೇ ತಿಂಗಳು ಕಮಲಾಕ್ಷಿಯ ಕೆಲಸದ ಒಪ್ಪಂದವನ್ನು ಮುಂದುವರಿಸುವುದಿಲ್ಲ ಎಂಬ ಪತ್ರ ಬಂತು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

ಈಗ ಅವಳು ನದಿಯಾಚೆ ಅಡಾಜಣದ ಚಿಕ್ಕ ಶಾಲೆಯೊಂದರಲ್ಲಿ ಕಲಿಸುತ್ತಾಳೆ. ಅಲ್ಲೂ ಕಾರ್ಡುಗಳಿವೆ. ಆದರೆ ಅವನ್ನು ದಿನವೂ ಇಸ್ಪೀಟಿನ ಹಾಗೆ ಕಲೆಸಿ ಹಂಚುತ್ತಾಳೆ. ಯಾವ ಕಾರ್ಡು ಯಾರ ಕೈಗೆ ಹೋಯಿತೆಂದು ಅವಳಿಗೂ ತಿಳಿಯದು. ಮಕ್ಕಳು ಧೈರ್ಯವಾಗಿ ಎತ್ತುತ್ತಾರೆ. ಇಪ್ಪತ್ತು ಮಂದಿಗೆ ಅರ್ಥವಾಗಿಲ್ಲವೆಂದು ಟಿ.ವಿ. ಹೇಳುತ್ತದೆ. ಆ ಇಪ್ಪತ್ತು ಮಂದಿ ಯಾರೆಂದು ತಿಳಿಯಬೇಕಾದರೆ ಅವಳು ಸಾಲುಗಳ ನಡುವೆ ನಡೆದು ಒಂದೊಂದೇ ಮುಖ ನೋಡಬೇಕು. ಸಂಜೆಗೆ ಕಾಲು ಬಾತಿರುತ್ತದೆ.

ನವೆಂಬರಿನ ರಾಜ್ಯೋತ್ಸವಕ್ಕೆ ಕನ್ನಡ ಸಂಘದವರು ಬಾಡಿಗೆ ಸಭಾಂಗಣದಲ್ಲಿ ಊಟ ಇಟ್ಟಿದ್ದರು. ಪಂಕ್ತಿಯಲ್ಲಿ ಪದ್ಮಾವತಿ ಬಂದು ಪಕ್ಕದ ಎಲೆಗೆ ಕೂತಳು. ಆರೇಳು ತಿಂಗಳಲ್ಲೇ ಕೂದಲು ಬೆಳ್ಳಗಾಗಿತ್ತು.

"ನನಗೊಂದು ಮಾತು ಹೇಳದೆ ಮೇಲಿನವರಿಗೆ ಬರೆದೆಯಲ್ಲ ಕಮಲಾ" ಎಂದಳು ಮೆಲ್ಲಗೆ. "ಸಸ್ಪೆಂಡ್ ಆಗುವುದರಲ್ಲಿದ್ದೆ ನಾನು. ಆಸ್ಪತ್ರೆಯಲ್ಲಿ ಕೂತದ್ದೆಲ್ಲ ಮರೆತು ಹೋಯ್ತಾ?"

"ಮರ್ತಿಲ್ಲರೀ" ಎಂದಳು ಕಮಲಾಕ್ಷಿ. "ಮರ್ತಿದ್ರ ಇಷ್ಟು ಸಂಕಟ ಆಗ್ತಿರಲಿಲ್ಲ."

ಬಡಿಸುವವರು ಹೋಳಿಗೆ ತಂದರು. ಪದ್ಮಾವತಿ ಹಿಂದಿನ ರೂಢಿಯಂತೆ, "ಇವಳಿಗೆ ತುಪ್ಪ ಜಾಸ್ತಿ ಹಾಕಿ" ಎಂದಳು. ಕಮಲಾಕ್ಷಿ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. ಊಟ ಮುಗಿಯುವ ತನಕ ಇಬ್ಬರೂ ಅಕ್ಕಪಕ್ಕದ ಎಲೆಗಳಲ್ಲೇ ಕೂತಿದ್ದರು.