ಪಡಸಾಲ್ಯಾಗಿನ ಪಾವಟಿಗಿ

ನಮ್ಮ ಮಾಳಗಿ ಮ್ಯಾಲ ಪಿಲ್ಲರಿನ ಕಬ್ಬಿಣದ ಸಳಿ ಎದಿಮಟ ಎದ್ದು ನಿಂತಿದ್ದವು. ಅಪ್ಪ ಮನಿ ಕಟ್ಟಿಸಿದಾಗ ಬೇಕಂತನ ಬಿಡಿಸಿದ್ದ. "ಮುಂದ ನಿನ್ನ ತಮ್ಮ ಮ್ಯಾಲ ಕಟ್ಟಾಂವ" ಅಂತಿದ್ದ. ಹೈದರಾಬಾದಿನ್ಯಾಗ ಯಾರ ಮಾಳಗಿ ನೋಡಿದ್ರೂ ಹಿಂತಾ ಸಳಿ ಇರ್ತಾವ, ಎಲ್ಲಾರಿಗೂ ಒಂದು 'ಮುಂದ' ಇರತೈತಿ. ಅಪ್ಪ ಹೋದ, ಅವ್ವ ಹೋದ್ಲು. ತಮ್ಮ ಲಗ್ನಾಗಿ ಊರಿನ ಆ ತುದಿಗೆ ಮಿಯಾಪುರದಾಗ ಬಾಡಗಿ ಮನಿ ಹಿಡದ. ನಾ ಲಗ್ನ ಆಗಲಿಲ್ಲ. ನೌಕರಿ ಮುಗಿಸಿ, ಹೊರಗಿನ ಏಣಿ ಹತ್ತಿ ಆ ಸಳಿಗೆ ಹಗ್ಗ ಕಟ್ಟಿ, ನನ್ನ ಸೀರಿ ಒಣಾ ಹಾಕ್ಕೋತ ಉಳದೆ.

ತಮ್ಮನ ಮಗಳು ದಿಲ್‌ಸುಖ್‌ನಗರದ ಕೋಚಿಂಗಿಗೆ ಸೇರಿದ್ಲು. ನಮ್ಮ ಮನಿ ಅಲ್ಲೇ ಹಿಂದಿನ ಗಲ್ಲಿಯೊಳಗ. ದಿನಾ ಮೆಟ್ರೋದಾಗ ಓಡಾಡಿ ಹುಡುಗಿ ಸೊರಗಿ ಸಣ್ಣಾತು. "ಅಕ್ಕಾ, ಮ್ಯಾಲ ಕಟ್ಟಿಸಿಕೊಂಡು ಅಲ್ಲೇ ಬಂದಬಿಡ್ತೀವಿ" ಅಂತ ತಮ್ಮ ಫೋನ್ ಮಾಡಿದ. ಫೋನ್ ಇಟ್ಟು ನಾ ಒಬ್ಬಾಕಿನ ಕುಣದೆ, ಸುಳ್ಳ್ಯಾಕ ಹೇಳ್ಲಿ? ಒಬ್ಬಾಕಿ ಸಲುವಾಗಿ ರೊಟ್ಟಿ ಬಡಿಯೂದು ಎಂಥಾ ಬ್ಯಾಸರದ ಕೆಲಸ ಅನ್ನೂದು ಬಡದಾಕಿಗೇ ಗೊತ್ತು.

ಮೇಸ್ತ್ರಿ ಪಾಲಮೂರಿನಾಂವ. ಮನಿಯೆಲ್ಲಾ ಸುತ್ತಿ ನೋಡಿ ತೆಲುಗಿನ್ಯಾಗ ಹೇಳಿದ: "ಮೆಟ್ಟಲಾ ಹೊರಗ ಇಡೂಣಮ್ಮಾ. ಇಲ್ಲೆ ಎಲ್ಲಾರೂ ಹಂಗ ಮಾಡ್ತಾರ. ನಾಳೆ ಕಿರಾಯಿಗೆ ಕೊಡಾಕ ಚಲೋ."

"ಬರಾಂವ ಕಿರಾಯಿದಾರ ಅಲ್ಲ, ನನ್ನ ತಮ್ಮ!" ಅಂತ ಹರಿಹಾಯ್ದೆ. "ಪಾವಟಿಗಿ ಪಡಸಾಲ್ಯಾಗ ಬರಬೇಕು. ಹೋಗಾವ್ರು ಬರಾವ್ರು ನನ್ನ ಮುಂದ ಹಾಯಬೇಕು."

ಹಂಗಾದ್ರ ಛತ್ತು ಒಡೀಬೇಕು, ಒಡದ ಜಾಗಾಕ್ಕ ಸುತ್ತಲೂ ಬೀಮ್ ಕೊಡಬೇಕು ಅಂದ. ಒಡಿ ಅಂದೆ. ತಮ್ಮನ್ನ ಕೇಳೂದು ನನ್ನ ತಲಿಯೊಳಗ ಬರಲೇ ಇಲ್ಲ. ಒಳಗಿನ ಪಾವಟಿಗಿ ಯಾರು ಬ್ಯಾಡ ಅಂತಾರ?

ಪಡಸಾಲಿ ತುಂಬ ಛತ್ತಿಗೆ ಆಸರ ಕೊಟ್ಟ ಕಬ್ಬಿಣದ ಕಂಬ ನಿಂತವು. ಅವುಗಳ ಸಂದಿಯೊಳಗ ಓರಿಯಾಗಿ ಹಾದು ಅಡಗಿ ಮನಿಗೆ ಹೋಗ್ತಿದ್ದೆ. ಅನ್ನದಾಗ ಧೂಳು, ಹಾಸಿಗ್ಯಾಗ ಧೂಳು. ಆದ್ರ ಛತ್ತಿನ ಕಿಂಡಿಯಿಂದ ಬಿಸಲು ಸೀದಾ ಅಪ್ಪನ ಕುರ್ಚಿ ಮ್ಯಾಲ ಬೀಳ್ತಿತ್ತು. ನಾ ಅಲ್ಲೇ ಕುಂತು ಚಹಾ ಕುಡೀತಿದ್ದೆ. ಭಾಳ ಖುಷಿಯಾಗಿದ್ದೆ.

ಕಿಂಡಿ ಸುತ್ತ ಬೀಮ್ ಹಾಕಿ ಮುಗಿಸಿದ ಮ್ಯಾಲ ಒಂದು ಐತವಾರ ತಮ್ಮ ಬಂದ. ಮ್ಯಾಲೆ ನೋಡಿದ. ಚಹಾ ಕುಡದು ಕಪ್ಪು ಇಟ್ಟ ಮ್ಯಾಲೆ, "ಅಕ್ಕಾ, ಪಾವಟಿಗಿ ಹೊರಗ ಇರಲಿ" ಅಂದ.

"ಯಾಕೋ?"

"ನಿನಗೂ ತ್ರಾಸ ಬ್ಯಾಡ. ನಮಗೂ... ಬಾಗಲಾ ಹಾಕ್ಕೊಂಡ್ರ ನಮ್ಮದು ಒಂದು ಮನಿ ಅನ್ನೂಹಂಗ ಇರಲಿ."

ಸಿಟ್ಟಿಲೆ ಅಂದಿದ್ರ ನಾನೂ ನಾಕು ಮಾತು ಆಡ್ತಿದ್ದೆ. ಭಾಳ ಸಮಾಧಾನದಾಗ ಅಂದ, ನಾ ಕಪ್ಪು ಎತ್ಕೊಂಡು ಒಳಗ ಹೋದೆ. ಕೂಸು ಹುಟ್ಟೂಕ್ಕಿಂತ ಮೊದಲ ಕುಲಾಯಿ ಹೊಲಿಸಿದಂಗಾತು ನನ್ನ ಕಥಿ. ಅಂವ ಹೋದ ಮ್ಯಾಲೆ ಕಂಬ ಹಿಡಕೊಂಡು ಅತ್ತೆ. ಮೇಸ್ತ್ರಿ ಎದುರಿಗೆ ಬಂದ್ರೂ ನಿಲ್ಲಿಸಲಿಲ್ಲ.

ಮೇಸ್ತ್ರಿ ಕಿಂಡಿ ಮುಚ್ಚಾಕ ಅಡ್ಡ ಉದ್ದ ಹೊಸ ಸಳಿ ಕಟ್ಟಿಸಿ, ಕೆಳಗ ಒಂದು ಬಿಟ್ಟು ಎಲ್ಲಾ ಹಲಗಿ ಬಡಿಸಿದ. ಮ್ಯಾಲಿನ ಸ್ಲ್ಯಾಬ್ ಹಾಕೂ ದಿನ ತಮ್ಮ ತೆಂಗಿನಕಾಯಿ ಒಡದ, ನಾ ಮಂದಿಗೆಲ್ಲಾ ಶಿರಾ ಮಾಡಿ ಹಾಕಿದೆ. ಕಿಂಡಿ ತುಂಬೂಕ್ಕಿಂತ ಮೊದಲ ಮೇಸ್ತ್ರಿ ಮ್ಯಾಲಿನಿಂದನ ಬಗ್ಗಿ ಕೇಳಿದ: "ಅಮ್ಮಾ, ಇಲ್ಲೊಂದು ಫ್ಯಾನಿನ ಹುಕ್ಕು ಬಿಡ್ಲ್ಯಾ?"

"ಬಿಡಪ್ಪಾ" ಅಂದೆ. ಉಳದ ಹಲಗಿನೂ ಬಡದ್ರು, ಪಡಸಾಲಿ ಕತ್ತಲಾತು. ಹಗಲಿಗೇ ಲೈಟ್ ಹಾಕಿದೆ.

ಮನಿ ಮುಗೀತು, ಅವರು ಬಂದ್ರು. ಮರುದಿನ ಮುಂಜಾನೆ ಚಹಾಕ್ಕ ಎಲ್ಲಾರ ಲೆಕ್ಕದಾಗ ನೀರಿಟ್ಟು, ಮ್ಯಾಲಿನ ನಡದಾಟ ಕೇಳ್ಕೋತ ನಿಂತೆ. ಹೆಜ್ಜಿ ನನ್ನ ತಲಿ ಮ್ಯಾಲ ಹಾದವು, ಹೊರಗಿನ ಪಾವಟಿಗಿ ಇಳದವು. ಬೆಲ್ ಆತು. ರೂಢಿ ಬಿಡತೈತೇನು? ಯಾರೋ ಕೊರಿಯರಿನಾಂವ ಬಂದಾನ ಅನ್ನೂಹಂಗ, "ಕೌನ್ ಹೈ?" ಅಂದೆ.

"ನಾನ್ರಿ ಅತ್ತಿ."

ಬಾಗಲಾ ತಗದೆ. ತಮ್ಮನ ಮಗಳು ಚಪ್ಪಲಿ ಬಿಟ್ಟು ಹೊಸ್ತಿಲ ಆಚೆ ನಿಂತಿದ್ಲು.

"ಒಳಗ ಬರ್ಲೇನ್ರಿ?"

"ಕೇಳ್ತಾರೇನ, ಹುಚ್ಚಿ! ಬಾ."

ಬಂದು, ಹೊಸ ಫ್ಯಾನಿನ ಕೆಳಗ, ಅಪ್ಪನ ಕುರ್ಚಿ ತುದಿಗೆ ಕುಂತ್ಲು.