ಗೆದ್ದವನಿಗೆ ನಾನು ಕೊಟ್ಟ ಒಂಬತ್ತು ಅಂಕ

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ನ್ಯೂಯಾರ್ಕಿನ ಒಂದು ಸಣ್ಣ ಸುದ್ದಿಸಂಸ್ಥೆಯ ಕ್ರೀಡಾ ವಿಭಾಗದಲ್ಲಿ ಪ್ರೊಬೇಷನ್ ಮೇಲಿದ್ದೆ. ಟೆಲಿಪ್ರಿಂಟರ್‌ನಲ್ಲಿ ಬಂದ ಫಲಿತಾಂಶಗಳನ್ನು ಪರಿಶೀಲಿಸಿ, ಸಣ್ಣ ಅಕ್ಷರದ ಪಟ್ಟಿಗಳಾಗಿ ಪತ್ರಿಕೆಗಳಿಗೆ ಕಳುಹಿಸುವುದು ನನ್ನ ಕೆಲಸ. ಕಳುಹಿಸಿದ್ದರಲ್ಲಿ ತಪ್ಪಿದ್ದರೆ ಸಂಸ್ಥೆ ತಿದ್ದುಪಡಿ ಹೊರಡಿಸುತ್ತಿತ್ತು. ಅದರ ಒಂದು ಪ್ರತಿ ತಪ್ಪು ಮಾಡಿದವನ ಫೈಲು ಸೇರುತ್ತಿತ್ತು. ಪ್ರೊಬೇಷನ್ನಿನ ಆರು ತಿಂಗಳಲ್ಲಿ ಮೂರು ಪ್ರತಿ ಸೇರಿದರೆ ಮನೆಗೆ. ನನ್ನ ಮಟ್ಟಿಗೆ ಮನೆ ಎಂದರೆ ಬೆಂಗಳೂರು, ಏಕೆಂದರೆ ಗ್ರೀನ್ ಕಾರ್ಡಿನ ಅರ್ಜಿಗೆ ಬೇಕಾದ ಪತ್ರವನ್ನು ಸಂಸ್ಥೆ ಕಾಯಂ ಆದವರಿಗೆ ಮಾತ್ರ ಕೊಡುತ್ತಿತ್ತು. ನನ್ನ ಫೈಲಿನಲ್ಲಿ ಆಗಲೇ ಎರಡಿದ್ದವು. ಎರಡೂ ಬೇಸ್‌ಬಾಲಿನವು. ಮುಂದಿನ ಶುಕ್ರವಾರಕ್ಕೆ ಆರು ತಿಂಗಳು ತುಂಬುತ್ತಿತ್ತು.

ಆ ಭಾನುವಾರ ಮಧ್ಯಾಹ್ನ ಜರ್ಮನಿಯಿಂದ ಫಾರ್ಮುಲಾ ಟೂ ರೇಸಿನ ಫಲಿತಾಂಶ ಬಂತು. ಒಬ್ಬನೇ ಕೂರುವ, ಚಕ್ರಗಳು ಹೊರಗೆ ಚಾಚಿಕೊಂಡ ಕಾರುಗಳ ಯುರೋಪಿಯನ್ ಚಾಂಪಿಯನ್‌ಶಿಪ್ಪಿನ ಒಂದು ಸುತ್ತು ಅದು. ಒಂದೇ ದಿನ ಎರಡು ಹೀಟ್, ಅಂದರೆ ಎರಡು ಬಿಡಿ ಓಟ, ಓಡಿಸಿ, ಎರಡರ ಸಮಯ ಕೂಡಿಸಿ ಗೆದ್ದವನನ್ನು ತೀರ್ಮಾನಿಸಿದ್ದರು. ಮೊದಲ ಹೀಟ್ ಒಬ್ಬ ಗೆದ್ದಿದ್ದ, ಎರಡನೆಯದನ್ನು ಇನ್ನೊಬ್ಬ. ಒಟ್ಟಾರೆ ಗೆದ್ದವನು ಎರಡರಲ್ಲೂ ಎರಡನೆಯವನಾಗಿ ಬಂದವನು. ನಾನು ಪೆನ್ಸಿಲ್ ಹಿಡಿದು ನಿಮಿಷ, ಸೆಕೆಂಡುಗಳನ್ನು ಕೂಡಿಸಿ ನೋಡಿದೆ. ಸರಿಯಾಗಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು.

ಕೆಳಗಿದ್ದ ಅಂಕಪಟ್ಟಿಯಲ್ಲಿ ಮೊದಲ ಎರಡು ಸ್ಥಾನದವರ ಮುಂದೆ ಸೊನ್ನೆ ಇತ್ತು. ಮೂರನೆಯವನಿಗೆ ಒಂಬತ್ತು, ನಾಲ್ಕನೆಯವನಿಗೆ ಆರು. ತಲೆಗೆ ಒಪ್ಪದ ಅಂಕಿಯನ್ನು ಮುಂದಕ್ಕೆ ಬಿಡಬಾರದೆಂದು ಬೆಂಗಳೂರಿನ ಡೆಸ್ಕಿನ ಹಿರಿಯರು ನನ್ನನ್ನು ಪಳಗಿಸಿದ್ದರು. ಯುರೋಪಿಗೆ ಫೋನ್ ಮಾಡಲು ಅನುಮತಿ ಬೇಕಿತ್ತು; ಭಾನುವಾರ ಅನುಮತಿ ಕೊಡುವವರು ಇರುತ್ತಿರಲಿಲ್ಲ. ಫ್ಲಶಿಂಗ್‌ನಲ್ಲಿ ನನ್ನ ಜತೆ ಅಪಾರ್ಟ್‌ಮೆಂಟ್ ಹಂಚಿಕೊಂಡಿದ್ದ ಧಾರವಾಡದ ಎಂಜಿನಿಯರಿಗೆ ಫೋನ್ ಮಾಡಿದೆ. ವಾರವಿಡೀ ಸೀಕಾಕಸ್‌ನ ಗೋದಾಮೊಂದರಲ್ಲಿ ಕನ್ವೇಯರ್ ಬೆಲ್ಟ್ ನೋಡಿಕೊಳ್ಳುತ್ತಿದ್ದ ಅವರು ಭಾನುವಾರ ಇಂಗ್ಲೆಂಡಿನಿಂದ ತರಿಸಿದ ಮೋಟಾರು ಪತ್ರಿಕೆಗಳನ್ನು ಓದುತ್ತ ಮಲಗಿರುತ್ತಿದ್ದರು.

“ಗೆದ್ದಾಂವಗ ಸೊನ್ನಿ ಸರಿನ ಐತ್ರಿ,” ಎಂದರು. “ಅಂವ ಗ್ರೇಡೆಡ್ ಡ್ರೈವರ್, ಎರಡನೇದಾಂವನೂ ಹಂಗ. ದೊಡ್ಡ ರೇಸಿನ್ಯಾಗ ಹೆಸರು ಮಾಡಿದಾಂವ. ಇಲ್ಲಿ ಬಂದು ಓಡಿಸಬಹುದು, ಗೆದ್ದು ಕಪ್ಪೂ ಒಯ್ಯಬಹುದು. ಪಾಯಿಂಟ್ ಮಾತ್ರ ಹಿಂದ ಬಂದವ್ರಿಗೆ.”

“ಗೆದ್ದೋನಿಗೆ ಬಿಟ್ಟು ಮೂರನೆಯೋನಿಗೆ ಕೊಡೋದಾ? ಯಾರ್ರೀ ಮಾಡ್ತಾರೆ ಇಂಥ ರೂಲು?”

“ಯುರೋಪಿನವ್ರು. ನೀವು ಬೇಸ್‌ಬಾಲ್ ರೂಲ್ ನಂಬತೀರಿ, ಇದನ್ನ ನಂಬಂಗಿಲ್ಲೇನ್ರಿ?”

ನಂಬಲಿಲ್ಲ. ಹಿಂದಿನ ತಿಂಗಳಷ್ಟೇ, ಇದೇ ಗಂಭೀರ ದನಿಯಲ್ಲಿ, ಸಬ್‌ವೇ ರೈಲಿನ ಟೋಕನ್ ಒಂದು ದಿನ ಮಾತ್ರ ಚಾಲ್ತಿ, ಉಳಿದದ್ದನ್ನು ಸಂಜೆಯೊಳಗೆ ಹಿಂತಿರುಗಿಸಬೇಕು ಎಂದು ಹೇಳಿ ಅವರು ನನ್ನನ್ನು ಟೋಕನ್ ಕಿಟಕಿಗೆ ಕಳುಹಿಸಿ ನಗೆಪಾಟಲು ಮಾಡಿದ್ದರು. ಒಂಬತ್ತು, ಆರು, ನಾಲ್ಕು, ಮೂರು, ಎರಡು, ಒಂದು ಎಂದು ಮೇಲಿನಿಂದ ಕೆಳಗೆ ಅಚ್ಚುಕಟ್ಟಾಗಿ ಹಂಚಿ, ಪಟ್ಟಿಯನ್ನು ಕಳುಹಿಸಿದೆ. ಒಂದು ದೊಡ್ಡ ತಪ್ಪನ್ನು ತಡೆದ ಸಮಾಧಾನದಲ್ಲಿ ಕಾಫಿ ಕುಡಿದೆ.

ಸಂಜೆ ಮನೆಗೆ ಹೋದಾಗ ನನ್ನ ತಟ್ಟೆಯ ಪಕ್ಕದಲ್ಲಿ ಒಂದು ಪತ್ರಿಕೆ ತೆರೆದಿತ್ತು.

“ಓದ್ರಿ, ಪೇಪರ್‌ನವ್ರ. ಊಟ ಆಮ್ಯಾಲೆ.”

ನಿಯಮ ಅವರು ಹೇಳಿದ ಹಾಗೆಯೇ ಇತ್ತು. ನಾನು ಪಟ್ಟಿಯನ್ನು ತಿದ್ದಿ ಕಳುಹಿಸಿಬಿಟ್ಟೆ ಎಂದೆ. ಅವರು ನಗುತ್ತಾರೆಂದು ಕಾದೆ.

“ಶುಕ್ರವಾರ ಐತಲ್ರಿ ನಿಮ್ದು,” ಎಂದಷ್ಟೇ ಹೇಳಿ ಅನ್ನ ಬಡಿಸಿದರು. ಅವರು ನಗದೇ ಇದ್ದದ್ದು ನನಗೆ ಹೆಚ್ಚು ಭಯ ತಂದಿತು.

ಸೋಮವಾರದಿಂದ ಬುಧವಾರದವರೆಗೆ, ಸಂಸ್ಥೆಗೆ ಬರುವ ಎಲ್ಲ ಪತ್ರಿಕೆಗಳನ್ನೂ ಹುಡುಕಿದೆ. ನಾಲ್ಕು ಪತ್ರಿಕೆಗಳು ನನ್ನ ಪಟ್ಟಿಯನ್ನು ಟೈರ್ ಜಾಹೀರಾತಿನ ಆಸುಪಾಸಿನಲ್ಲಿ ಮುದ್ರಿಸಿದ್ದವು. ಒಬ್ಬ ಓದುಗನೂ ಫೋನ್ ಮಾಡಲಿಲ್ಲ. ಗುರುವಾರ ನಾನೇ ವಿಭಾಗದ ಮುಖ್ಯಸ್ಥರ ಬಳಿ ಹೋದೆ. ಇದನ್ನು ಪ್ರಾಮಾಣಿಕತೆ ಎಂದು ದಾಖಲಿಸುವುದು ತಪ್ಪಾದೀತು. ಯುರೋಪಿನ ಅಧಿಕೃತ ಪಟ್ಟಿ ವಾರದ ಕೊನೆಗೆ ಅಂಚೆಯಲ್ಲಿ ಬರುವುದಿತ್ತು. ಸಿಕ್ಕಿಬೀಳುವುದಕ್ಕಿಂತ ಹೇಳಿಬಿಡುವುದು ವಾಸಿ ಎನಿಸಿತು.

ಅವರು ಸ್ಯಾಂಡ್‌ವಿಚ್ ಕೆಳಗಿಟ್ಟು ಕೇಳಿಸಿಕೊಂಡರು. ನಂತರ ಗೋಡೆಯ ಮೇಲಿದ್ದ ಪಾಳಿಯ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಅದರಲ್ಲಿ ಭಾನುವಾರಗಳ ಎದುರು ಉದ್ದಕ್ಕೂ ನನ್ನ ಹೆಸರೊಂದೇ ಇತ್ತು.

“ಇವತ್ತು ಗುರುವಾರ. ಈ ವಿಷಯ ನನಗೆ ಸೋಮವಾರ ಹೇಳು.”

“ತಪ್ಪು ಈಗಲೇ ಗೊತ್ತಿದೆಯಲ್ಲ, ಸರ್.”

“ನಿನಗೆ ಗೊತ್ತಿದೆ. ನಾನಿನ್ನೂ ಕೇಳಿಲ್ಲ. ನೀನು ಹೋದರೆ ಭಾನುವಾರ ಇಲ್ಲಿಗೆ ಯಾರು ಬರುತ್ತಾರೆ, ನಾನಾ?”

ಶುಕ್ರವಾರ ನನ್ನನ್ನು ಕಾಯಂ ಮಾಡಿದ ಪತ್ರ ಕೈ ಸೇರಿತು. ಅದರಲ್ಲಿ ನನ್ನ ನಿಖರತೆಯನ್ನು ಮೆಚ್ಚಿದ ಒಂದು ವಾಕ್ಯವಿತ್ತು; ಎಲ್ಲರ ಪತ್ರದಲ್ಲೂ ಅದೇ ವಾಕ್ಯ ಇರುತ್ತದೆಂದು ಆಮೇಲೆ ತಿಳಿಯಿತು. ಸೋಮವಾರ ಬೆಳಿಗ್ಗೆ ಮುಖ್ಯಸ್ಥರಿಗೆ ಎಲ್ಲವನ್ನೂ ಮತ್ತೆ ಹೇಳಿದೆ. ಅವರು ಹುಬ್ಬೇರಿಸಿ, “ಇದನ್ನು ಮೊದಲೇ ಹೇಳಬಾರದಿತ್ತೇ?” ಎಂದರು. ಪಕ್ಕದಲ್ಲಿ ಟೈಪಿಸ್ಟ್ ಇದ್ದಳು.

ತಿದ್ದುಪಡಿಯನ್ನು ನಾನೇ ಬರೆದು ಕಳುಹಿಸಿದೆ. ಆ ನಾಲ್ಕು ಪತ್ರಿಕೆಗಳನ್ನು ಮುಂದಿನ ಎರಡು ವಾರ, ಟೈರ್ ಜಾಹೀರಾತುಗಳನ್ನೂ ಬಿಡದೆ, ಸಾಲುಸಾಲಾಗಿ ಓದಿದೆ. ಒಂದೂ ಅದನ್ನು ಮುದ್ರಿಸಲಿಲ್ಲ.