ಕಾಜಾ ಹೊಲಿಗೆಯ ನ್ಯಾಯಬೆಲೆ

ಕೋವಿಡ್ ಕಳೆದು ಶಾಲೆಗಳು ಮತ್ತೆ ತೆರೆದ ವರ್ಷ ನಾನು ತೀರ್ಥಹಳ್ಳಿಯಲ್ಲಿ ಚರ್ಚಿನ ಮಹಿಳಾ ಹೊಲಿಗೆ ಕೇಂದ್ರದ ಮ್ಯಾನೇಜರ್ ಆಗಿದ್ದೆ. ಹನ್ನೆರಡು ಹೆಂಗಸರು ಅಲ್ಲಿ ಪೀಸ್ ಲೆಕ್ಕದಲ್ಲಿ ದುಡಿಯುತ್ತಿದ್ದರು, ಹೊಲಿದಷ್ಟಕ್ಕೇ ಕೂಲಿ. ಹೊಸನಗರದ ಒಂದು ಶಾಲೆಯ ಯೂನಿಫಾರಂ ಆರ್ಡರ್ ನಮಗೇ ಸಿಗುತ್ತದೆಂದು ನಂಬಿಕೊಂಡಿದ್ದೆವು. ಆದರೆ ಪೇಟೆಯಲ್ಲಿ ಸ್ವಂತ ಟೈಲರಿಂಗ್ ಘಟಕ ನಡೆಸುತ್ತಿದ್ದ ಶಕುಂತಲಾ ನಮಗಿಂತ ಕಡಿಮೆ ದರ ಹೇಳಿ ಅದನ್ನು ಪಡೆದರು. ನಮ್ಮ ಅರ್ಧಕ್ಕರ್ಧ ಮೆಷಿನ್‌ಗಳು ಸುಮ್ಮನೆ ನಿಂತವು.

ಮೇ ಕೊನೆಯಲ್ಲಿ ಆಕೆಯೇ ನಮ್ಮ ಬಾಗಿಲಿಗೆ ಬಂದರು. ಅಂಗಿಗೆ ಗುಂಡಿಯ ತೂತು ಹೊಲಿಯುವ ಅವರ ಕಾಜಾ ಮೆಷಿನ್ ಕೆಟ್ಟಿತ್ತು. ಸಾಗರದಲ್ಲಿ ವಿಚಾರಿಸಿದರೆ ರಿಪೇರಿಗೆ ಎರಡು ವಾರ ಕಾಯಿರಿ ಎಂದರಂತೆ. ಶಾಲೆ ಅದಕ್ಕೂ ಮೊದಲೇ ತೆರೆಯುತ್ತಿತ್ತು. ಊರಿನಲ್ಲಿ ಇನ್ನೊಂದು ಕಾಜಾ ಮೆಷಿನ್ ಇದ್ದದ್ದು ನಮ್ಮಲ್ಲಿ ಮಾತ್ರ.

"ರೇಟ್ ನೀವೇ ಹೇಳಿ ಮೇಡಂ" ಎಂದರು ಶಕುಂತಲಾ. ಸಂಜೆ ತಿಳಿಸುತ್ತೇನೆಂದು ಕಳಿಸಿದೆ.

"ಮೂರು ಪಟ್ಟು ಕೇಳಿ ಅಕ್ಕ. ಕೊಟ್ಟೇ ಕೊಡ್ತಾರೆ" ಎಂದಳು ನಮ್ಮ ಸ್ಟೆಲ್ಲಾ. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದಳು. ಒಂದು ತಿಂಗಳಿಂದ ಸರಿಯಾಗಿ ಕೆಲಸವಿರಲಿಲ್ಲ. ಅದನ್ನು ದುರಾಸೆ ಎನ್ನಲು ನನಗೆ ಬಾಯಿ ಬರಲಿಲ್ಲ. ಬೇಡಿಕೆ ಹೆಚ್ಚಿದಾಗ ಬೆಲೆ ಏರುವುದು ಮಾರುಕಟ್ಟೆಯ ನಿಯಮವೇ ತಾನೆ.

ಎಷ್ಟು ಕೇಳಬಹುದೆಂದು ಚರ್ಚಿನ ಫಾದರ್ ಬಳಿ ವಿಚಾರಿಸಿದೆ. ಅವರು ನಕ್ಕರು. "ದೇವರ ವಾಕ್ಯದಲ್ಲಿ ಕಾಜಾ ರೇಟ್ ಬರೆದಿಲ್ಲಮ್ಮ. ಆಕೆಗೆ ಇನ್ನೊಂದು ಕಡೆ ಹೋಗೋಕೆ ದಾರಿ ಇದ್ದಿದ್ರೆ ಎಷ್ಟು ಕೇಳ್ತಿದ್ರಿ?"

ಸಂಜೆ ಶಕುಂತಲಾ ಅವರಲ್ಲಿ ಅಷ್ಟನ್ನೇ ಕೇಳಿದೆ. ಎಲ್ಲರಿಗೂ ಹೇಳುವ ದರ, ಜೊತೆಗೆ ಹೊತ್ತು ಮೀರಿ ದುಡಿಯುವ ಹೆಂಗಸರಿಗೆ ಓವರ್‌ಟೈಮ್. ಶಕುಂತಲಾ ನನ್ನ ಮುಖ ನೋಡಿ, "ನಾನಾಗಿದ್ರೆ ಜಾಸ್ತಿ ಕೇಳ್ತಿದ್ದೆ" ಎಂದರು. ಅಂಗಿಗಳು ಸಮಯಕ್ಕೆ ಹೊಸನಗರ ತಲುಪಿದವು. ಸ್ಟೆಲ್ಲಾ ಕೆಲಸವೇನೋ ಮಾಡಿದಳು, ಆದರೆ ಕೆಲವು ವಾರ ನನ್ನೊಡನೆ ಮಾತು ಬಿಟ್ಟಳು.

ಮರುವರ್ಷವೂ ಶಕುಂತಲಾ ಕಡಿಮೆ ದರ ಹೇಳಿ ಅದೇ ಆರ್ಡರ್ ಗೆದ್ದರು.

"ನೋಡಿದ್ರಾ ಅಕ್ಕ, ನಿಮ್ಮ ಉಪಕಾರಕ್ಕೆ ಸಿಕ್ಕಿದ್ದು?" ಎಂದಳು ಸ್ಟೆಲ್ಲಾ.

"ಉಪಕಾರ ಮಾಡಿರ್ಲಿಲ್ಲ ಕಣೆ. ಬಾ, ನಮ್ಮ ರೇಟ್ ಯಾಕೆ ಜಾಸ್ತಿ ಆಯ್ತು ನೋಡೋಣ" ಎಂದೆ.

ಇಬ್ಬರೂ ಕೂತು ಬಟ್ಟೆ ಕತ್ತರಿಸುವ ಕ್ರಮವನ್ನೇ ಬದಲಿಸಿದೆವು. ಬಟ್ಟೆ ಚೂರಾಗಿ ಹಾಳಾಗುವುದು ಕಡಿಮೆಯಾಗಿ ನಮ್ಮ ದರ ಇಳಿಯಿತು. ಅದರ ಮುಂದಿನ ವರ್ಷ ಆರ್ಡರ್ ನಮ್ಮದಾಯಿತು.

ಪೈಪೋಟಿಯಲ್ಲಿ ಶಕುಂತಲಾ ಅವರನ್ನು ಸೋಲಿಸಲು ನನಗೆ ಎಂದೂ ಸಂಕೋಚವಾಗಲಿಲ್ಲ. ಆದರೆ ಬೇರೆ ದಾರಿಯಿಲ್ಲದೆ ಒಬ್ಬರು ಬಾಗಿಲಿಗೆ ಬಂದಾಗ ಅವರಿಂದ ಎಷ್ಟು ಕಿತ್ತುಕೊಳ್ಳಬಹುದು ಎಂದು ನೋಡುವುದನ್ನು, ಆ ಕೆಲಸ ಬಿಟ್ಟ ಮೇಲೂ, ನಾನು ವ್ಯಾಪಾರ ಎನ್ನಲಾರೆ.